ಭಂಗಿಗಿಡವೂ ರಾಜ್ಯಗಳ ಕಾನೂನೂ

ಕಾಯಿಲೆಗೆ ರಾಜ್ಯದ ಗಡಿ ತಿಳಿಯದು. ಉಜಿರೆಯಲ್ಲಿ ಒಬ್ಬನನ್ನು ಕಾಡುವ ನರನೋವು ಕಾಸರಗೋಡಿನವನನ್ನೂ ಕಾಡುತ್ತದೆ, ಡೆಹರಾಡೂನಿನವನನ್ನೂ ಕಾಡುತ್ತದೆ. ಆದರೆ ಔಷಧಕ್ಕೆ ಒದಗುವ ಒಂದು ಗಿಡದ ವಿಷಯದಲ್ಲಿ ನಮ್ಮ ದೇಶದ ರಾಜ್ಯಗಳು ಬೇರೆ ಬೇರೆ ದಾರಿ ಹಿಡಿದಿವೆ. ಆ ಗಿಡವೇ ಭಂಗಿ. ಈ ಭೇದಕ್ಕೆ ಕಾರಣವೇನು, ಇದರಿಂದ ರೋಗಿಗೆ ಒದಗುವ ತೊಡಕೇನು ಎಂಬುದನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನಾನು ಇಲ್ಲಿ ವಿವೇಚಿಸಲು ಯತ್ನಿಸಿದ್ದೇನೆ.

ಮೊದಲು ಗಿಡದ ಪರಿಚಯ. ಇದರ ಎಲೆಯಿಂದ ಆದುದು ಭಂಗಿ. ಹೂತುದಿಯಿಂದ ಆದುದು ಗಾಂಜಾ. ಅಂಟಿನಿಂದ ಆದುದು ಚರಸ್. ಅಮಲು ಎಲೆಯಲ್ಲಿ ಕಡಿಮೆ, ಹೂವಿನಲ್ಲಿ ಹೆಚ್ಚು, ಅಂಟಿನಲ್ಲಿ ಇನ್ನೂ ಹೆಚ್ಚು. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಎಂಬ ಹೆಸರೂ ಉಂಟು. ಜೀರ್ಣವಾಗುವ ಮೊದಲೇ ಶರೀರವನ್ನೆಲ್ಲ ವ್ಯಾಪಿಸುವ ದ್ರವ್ಯಕ್ಕೆ ಉದಾಹರಣೆಯಾಗಿ ಶಾರ್ಙ್ಗಧರ ಸಂಹಿತೆಯು ಭಂಗಿಯನ್ನೂ ಅಫೀಮನ್ನೂ ಹೆಸರಿಸಿದೆ. ಜಾತೀಫಲಾದಿ ಚೂರ್ಣದಲ್ಲಿ ಶುದ್ಧಿಗೊಳಿಸಿದ ಭಂಗಿ ಸೇರುತ್ತದೆ. 1839ರಲ್ಲಿ ಕಲಕತ್ತೆಯ ವೈದ್ಯ ಓಶಾಗ್ನೆಸಿಯು ಧನುರ್ವಾಯುವೇ ಮೊದಲಾದ ರೋಗಗಳಲ್ಲಿ ಇದನ್ನು ಪ್ರಯೋಗಿಸಿ, ಪಾಶ್ಚಾತ್ಯ ವೈದ್ಯರ ಗಮನಕ್ಕೆ ತಂದನು. 2018ರಲ್ಲಿ ಅಮೇರಿಕದ ಔಷಧ ನಿಯಂತ್ರಣ ಸಂಸ್ಥೆಯು ಮಕ್ಕಳಲ್ಲಿ ತೊಡಗುವ ಎರಡು ಬಗೆಯ ತೀವ್ರ ಅಪಸ್ಮಾರಕ್ಕೆ ಈ ಗಿಡದಿಂದ ತೆಗೆದ ಅಮಲಿಲ್ಲದ ಒಂದು ಔಷಧವನ್ನು ಅಂಗೀಕರಿಸಿತು. ಗಿಡದಲ್ಲಿ ವಿಷವೂ ಇದೆ, ಮದ್ದೂ ಇದೆ ಎಂದಾಯಿತು.

ಇನ್ನು ಕಾನೂನಿಗೆ ಬರೋಣ. 1893-94ರಲ್ಲಿ ಬ್ರಿಟಿಷ್ ಸರಕಾರವು ಈ ವಿಷಯಕ್ಕಾಗಿಯೇ ಒಂದು ಆಯೋಗವನ್ನು ನೇಮಿಸಿತು. ಸಾವಿರಕ್ಕೂ ಮಿಕ್ಕಿ ಸಾಕ್ಷಿಗಳನ್ನು ವಿಚಾರಿಸಿದ ಆಯೋಗವು, ಮಿತವಾದ ಬಳಕೆಯಿಂದ ದೊಡ್ಡ ಕೇಡಿಲ್ಲ, ಪೂರ್ಣ ನಿಷೇಧಕ್ಕಿಂತ ಪರವಾನಿಗೆ ಮತ್ತು ಸುಂಕದ ಹತೋಟಿಯೇ ಯುಕ್ತವೆಂದು ವರದಿ ಮಾಡಿತು. ಆ ಹತೋಟಿಯಾದರೂ ಪ್ರಾಂತದಿಂದ ಪ್ರಾಂತಕ್ಕೆ ಬೇರೆಯಾಗಿತ್ತು. ನಮ್ಮ ಜಿಲ್ಲೆಯನ್ನೇ ನೋಡಿ. 1956ರ ನವೆಂಬರ್ 1ಕ್ಕೆ ಮೊದಲು ದಕ್ಷಿಣ ಕನ್ನಡವು ಮದರಾಸಿಗೆ ಸೇರಿತ್ತು. ಇಲ್ಲಿ ನಡೆಯುತ್ತಿದ್ದುದು ಮದರಾಸಿನ 1937ರ ಪಾನನಿರೋಧ ಕಾಯಿದೆ. ಚಾರ್ಮಾಡಿ ಘಟ್ಟ ಹತ್ತಿದರೆ ಮೈಸೂರು ಸೀಮೆ, ಬೇರೆ ಸರಕಾರ, ಬೇರೆ ಅಬಕಾರಿ. ಧಾರವಾಡದವರು ಮುಂಬಯಿಯ ಕಾನೂನಿಗೂ, ಕಲಬುರ್ಗಿಯವರು ಹೈದರಾಬಾದಿನ ಕಾನೂನಿಗೂ ಒಳಗಾಗಿದ್ದರು. ಏಕೀಕರಣದ ತರುವಾಯ 1965ರ ಅಬಕಾರಿ ಕಾಯಿದೆಯು ಇವರೆಲ್ಲರನ್ನೂ ಒಂದೇ ಕಟ್ಟಿಗೆ ತಂದಿತು. ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರು ಮಾತ್ರ ಆ ಕಟ್ಟಿನಿಂದ ಹೊರಗುಳಿದರು.

ಸಂವಿಧಾನವೂ ಈ ಭೇದಕ್ಕೆ ಎಡೆಮಾಡಿಕೊಟ್ಟಿದೆ. ಏಳನೆಯ ಅನುಸೂಚಿಯಲ್ಲಿ ಔಷಧ ಹಾಗೂ ವಿಷಗಳು ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿವೆ. ಭಂಗಿಯ ಮೇಲಿನ ಅಬಕಾರಿ ಸುಂಕ ರಾಜ್ಯಗಳ ಪಟ್ಟಿಯಲ್ಲಿದೆ. ಅಮಲುಪದಾರ್ಥಗಳ ನಿಷೇಧಕ್ಕೆ ಯತ್ನಿಸಬೇಕೆಂದು ಹೇಳುವ 47ನೆಯ ಅನುಚ್ಛೇದವಾದರೋ ಔಷಧಕ್ಕಾಗಿ ಆಗುವ ಬಳಕೆಯನ್ನು ಸ್ಪಷ್ಟವಾಗಿ ಹೊರತುಪಡಿಸಿದೆ.

1961ರ ಅಂತರರಾಷ್ಟ್ರೀಯ ಒಪ್ಪಂದದ ಬಳಿಕ, 1985ರಲ್ಲಿ ಪಾರ್ಲಿಮೆಂಟು ಮಾದಕ ದ್ರವ್ಯಗಳ ಕಾಯಿದೆಯನ್ನು ಮಾಡಿತು. ಅದು ಗಾಂಜಾ ಮತ್ತು ಚರಸ್ಸನ್ನು ನಿಷೇಧಿಸಿತು. ಹೂತುದಿಯೊಡನೆ ಕೂಡಿರದ ಎಲೆಯೂ ಬೀಜವೂ ಮಾತ್ರ ಅದರ ವ್ಯಾಖ್ಯೆಯೊಳಗೆ ಬರಲಿಲ್ಲ. ಎಂಟನೆಯ ಕಲಮು ವೈದ್ಯಕೀಯ ಹಾಗೂ ವೈಜ್ಞಾನಿಕ ಉದ್ದೇಶಗಳನ್ನು ನಿಷೇಧದಿಂದ ಬಿಟ್ಟಿದೆ. ಹತ್ತನೆಯ ಕಲಮು ಗಿಡ ಬೆಳೆಸಲು ಅನುಮತಿ ಕೊಡುವ ಅಧಿಕಾರವನ್ನು ರಾಜ್ಯಗಳಿಗೆ ಒಪ್ಪಿಸಿದೆ. ಬಾಗಿಲನ್ನು ಮಾಡಿದುದು ಕೇಂದ್ರ, ಬೀಗದ ಕೈ ಇರುವುದು ರಾಜ್ಯಗಳಲ್ಲಿ. ಇಡೀ ಪ್ರಶ್ನೆಯ ತಿರುಳು ಇಷ್ಟೇ.

ಆ ಬೀಗದ ಕೈಯನ್ನು ಒಂದೊಂದು ರಾಜ್ಯ ಒಂದೊಂದು ಬಗೆಯಾಗಿ ಉಪಯೋಗಿಸಿದೆ. ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಭಂಗಿಯ ಅಂಗಡಿಗೆ ಸರಕಾರವೇ ಪರವಾನಿಗೆ ಕೊಡುತ್ತದೆ. ಅಸ್ಸಾಮು 1958ರಲ್ಲಿಯೇ ಗಾಂಜಾವನ್ನೂ ಭಂಗಿಯನ್ನೂ ಒಟ್ಟಿಗೆ ನಿಷೇಧಿಸಿತು. ಉತ್ತರಾಖಂಡವು 2018ರಲ್ಲಿ, ಅಮಲಿನ ಅಂಶ ಶೇಕಡಾ 0.3ಕ್ಕೆ ಮೀರದ ನಾರಿನ ತಳಿಯನ್ನು ಬೆಳೆಯಲು ಪರವಾನಿಗೆ ಕೊಟ್ಟಿತು. ಹಿಮಾಚಲ ಪ್ರದೇಶವು 2025ರಲ್ಲಿ ಪಾಲಂಪುರ ಮತ್ತು ನೌಣಿಯ ವಿಶ್ವವಿದ್ಯಾಲಯಗಳ ಮೂಲಕ ಪ್ರಾಯೋಗಿಕ ಬೇಸಾಯಕ್ಕೆ ಒಪ್ಪಿಗೆಯಿತ್ತಿತು. ಜಮ್ಮುವಿನಲ್ಲಿ ಕೇಂದ್ರದ ಸಂಶೋಧನಾಲಯವೊಂದು ನೋವು ಮತ್ತು ಅಪಸ್ಮಾರದ ಔಷಧಗಳಿಗಾಗಿ ಗಿಡವನ್ನು ಬೆಳೆಸಿದೆ.

ನಮ್ಮ ಕರ್ನಾಟಕದಲ್ಲಿ ಸ್ಥಿತಿ ಸ್ವಲ್ಪ ತೊಡಕಿನದು. ಭಂಗಿಯು 1985ರ ಕಾಯಿದೆಯ ನಿಷೇಧಕ್ಕೆ ಒಳಪಡುವುದಿಲ್ಲವೆಂದು 2022ರಲ್ಲಿ ನಮ್ಮ ಹೈಕೋರ್ಟು ಜಾಮೀನಿನ ಒಂದು ಪ್ರಕರಣದಲ್ಲಿ ಹೇಳಿತು. ಆದರೆ ನಮ್ಮ ಅಬಕಾರಿ ಕಾಯಿದೆಯು ಅಮಲುಪದಾರ್ಥಗಳ ಸಾಲಿನಲ್ಲಿ ಭಂಗಿಯನ್ನೂ ಸೇರಿಸಿದೆ. ಒಂದು ಕಾನೂನು ಬಿಟ್ಟುದನ್ನು ಇನ್ನೊಂದು ಹಿಡಿಯುತ್ತದೆ. ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಹೋದರೆ 1949ರ ಪಾನನಿರೋಧ ಕಾಯಿದೆ ಇದಿರಾಗುತ್ತದೆ. ಅಲ್ಲಿ ಪರವಾನಿಗೆಯಿಲ್ಲದೆ ಭಂಗಿಯನ್ನು ಇಟ್ಟುಕೊಳ್ಳುವುದೇ ಅಪರಾಧ.

ರೋಗಿಯ ಪಾಡನ್ನು ಈಗ ಯೋಚಿಸಿರಿ. ವಿಜಯಾ ಸೇರಿದ ಆಯುರ್ವೇದ ಔಷಧಕ್ಕೆ 1940ರ ಔಷಧ ಕಾಯಿದೆಯ ಮೇರೆಗೆ ಪರವಾನಿಗೆ ಬೇಕು. ಭಂಗಿಯು ಅದರ ನಿಯಮಗಳ ವಿಷದ್ರವ್ಯಗಳ ಪಟ್ಟಿಯಲ್ಲಿರುವುದರಿಂದ, ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಸೀಸೆಯ ಮೇಲೆ ಅಚ್ಚುಮಾಡಬೇಕು. ಈ ಕಾಯಿದೆ ದೇಶಕ್ಕೆಲ್ಲ ಒಂದೇ. ಔಷಧಕ್ಕೆ ಬೇಕಾದ ಎಲೆಯನ್ನು ಕೊಯ್ಯಲು, ಕೂಡಿಡಲು, ಸಾಗಿಸಲು ಮಾತ್ರ ಆಯಾ ರಾಜ್ಯದ ಅಬಕಾರಿ ನಿಯಮ. ಕರುಳಿನ ವ್ಯಾಧಿಯವನೋ ಅರ್ಬುದದ ನೋವಿನಲ್ಲಿರುವವನೋ ಮದ್ದಿನ ಸೀಸೆಯೊಡನೆ ಗಡಿ ದಾಟುವಾಗ ಈ ನಾಲ್ಕಾರು ಕಾಯಿದೆಗಳನ್ನು ಓದಿಕೊಂಡಿರಬೇಕೆಂದು ನಿರೀಕ್ಷಿಸುವುದು ನ್ಯಾಯವೇ?

ನನ್ನ ಅಭಿಪ್ರಾಯವಿಷ್ಟು. ಅಮಲಿನ ಪ್ರಶ್ನೆಯನ್ನು ರಾಜ್ಯಗಳು ತಮ್ಮ ಜನಜೀವನಕ್ಕೆ ತಕ್ಕಂತೆ ತೀರ್ಮಾನಿಸಿಕೊಳ್ಳಲಿ. ಔಷಧದ ಪ್ರಶ್ನೆಗೆ ಮಾತ್ರ ದೇಶಕ್ಕೆಲ್ಲ ಒಂದೇ ನಿಯಮವಿರಲಿ: ವೈದ್ಯನ ಚೀಟಿ, ಪರವಾನಿಗೆಯುಳ್ಳ ಔಷಧ, ನಿಶ್ಚಿತ ಪ್ರಮಾಣ, ಇವು ಮೂರೂ ಇದ್ದವನಿಗೆ ಯಾವ ಗಡಿಯಲ್ಲಿಯೂ ಭಯವಿರಬಾರದು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗವು 27-25 ಮತಗಳಿಂದ ಈ ಗಿಡವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತವಿತ್ತಿತು. ಅಲ್ಲಿ ಒಪ್ಪಿದ ಮಾತಿಗೆ ಇಲ್ಲಿ ಒಂದು ರೂಪ ಕೊಡುವುದು ಅಸಾಧ್ಯವೇನಲ್ಲ.

ವಿದ್ಯಾರ್ಥಿಮಿತ್ರರಿಗೆ ಒಂದು ಮಾತು. ಔಷಧದ ಪರವಾಗಿ ವಾದಿಸಿದೆನೆಂದು ಗಾಂಜಾದ ಪರವಾಗಿ ವಾದಿಸಿದೆನೆಂದು ತಿಳಿಯಬಾರದು. ಒಂದು ಕಿಲೋದೊಳಗಿನ ಗಾಂಜಾಕ್ಕೂ ಒಂದು ವರ್ಷದವರೆಗೆ ಸೆರೆಯುಂಟು. ಗಿಡ ಬೆಳೆದವನಿಗೆ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ. ಹಾಸ್ಟೆಲಿನ ಕೋಣೆಯಲ್ಲಿ ಹೊಗೆ ಸೇದುವವನಿಗೆ ಶಾರ್ಙ್ಗಧರನು ಸಾಕ್ಷಿ ನುಡಿಯಲಾರನು. ಮದ್ದನ್ನೂ ಅಮಲನ್ನೂ ಬೇರ್ಪಡಿಸಿ ನೋಡುವ ವಿವೇಕವನ್ನು ಶಾಸನಸಭೆಯಿಂದ ಬೇಡುವ ನಾವು, ಮೊದಲು ಅದನ್ನು ನಮ್ಮಲ್ಲಿ ಬೆಳೆಸಿಕೊಳ್ಳುವುದು ಒಳ್ಳೆಯದು.