ತೂಗುಪಟ್ಟಿಯ ವ್ಯಾಯಾಮ

— ಅಂತಿಮ ಬಿ.ಎ. ವಿದ್ಯಾರ್ಥಿನಿ

ಆರೋಗ್ಯವೇ ಭಾಗ್ಯವೆಂಬ ಮಾತನ್ನು ಅರಿಯದವರಿಲ್ಲ. ಆದರೆ ಭಾಗ್ಯಕ್ಕಾಗಿ ನಾವು ಪಡುವ ಪಾಡಿನಲ್ಲಿ ನೂರಕ್ಕೆ ಒಂದು ಪಾಲನ್ನಾದರೂ ಆರೋಗ್ಯಕ್ಕಾಗಿ ಪಡುವೆವೇ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ ಉತ್ತರ ಕೊಡುವುದು ಕಷ್ಟ. ವ್ಯಾಯಾಮವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಒಂದೋ ಗರಡಿಮನೆಯ ಕೆಮ್ಮಣ್ಣಿನ ಮಟ್ಟಿ, ಇಲ್ಲವೇ ಪೇಟೆಯ ಜಿಮ್ಮಿನಲ್ಲಿರುವ ಕಬ್ಬಿಣದ ಯಂತ್ರಗಳು. ಮೊದಲನೆಯದು ಅನೇಕ ಊರುಗಳಲ್ಲಿ ಬಾಗಿಲು ಹಾಕಿದೆ. ಬಾಗಿಲು ತೆರೆದಿದ್ದ ಕಾಲದಲ್ಲಿಯೂ ಹೆಂಗಸರಿಗೆ ಅಲ್ಲಿ ಬಹುಮಟ್ಟಿಗೆ ಪ್ರವೇಶವಿರಲಿಲ್ಲ. ಎರಡನೆಯದಕ್ಕೆ ತಿಂಗಳು ತಿಂಗಳೂ ಹಣ ತೆರಬೇಕು. ಇವೆರಡರ ನಡುವೆ, ಒಂದು ಕೈಚೀಲದಲ್ಲಿ ಹಿಡಿಸುವ, ಗಟ್ಟಿಯಾದ ತೊಲೆಗೋ ಮರದ ಕೊಂಬೆಗೋ ಕಟ್ಟಿ ಬಳಸಬಹುದಾದ ಸಾಧನವೊಂದುಂಟು. ಜಿಮ್ಮುಗಳಲ್ಲಿ ಇದನ್ನು ಸಸ್ಪೆನ್ಷನ್ ಸ್ಟ್ರ್ಯಾಪ್ ಎನ್ನುತ್ತಾರೆ. ಒಂದು ಕಂಪೆನಿಯ ಹೆಸರಿನಿಂದ ಟಿ.ಆರ್.ಎಕ್ಸ್. ಎಂದು ಕರೆಯುವುದೂ ಉಂಟು. ಈ ಲೇಖನದಲ್ಲಿ ಅದನ್ನು ತೂಗುಪಟ್ಟಿ ಎಂದು ಕರೆಯೋಣ.

ಇದರ ಹಿರಿಮೆ ಎರಡು ಸಂಗತಿಗಳಲ್ಲಿದೆ. ನಮ್ಮ ಮೈಭಾರದಲ್ಲಿ ನಮಗೆ ಬೇಕಾದಷ್ಟು ಪಾಲನ್ನು ಮಾತ್ರ ಹೊರುವ ಅನುಕೂಲವನ್ನು ಇದು ಕೊಡುತ್ತದೆ. ಅಲ್ಲದೆ, ನಮ್ಮ ಕೈಗಳು ಮರೆಯುತ್ತಿರುವ ಎಳೆಯುವ ಕೆಲಸವನ್ನು ಅವಕ್ಕೆ ಮತ್ತೆ ಕಲಿಸುತ್ತದೆ. ಈ ಎರಡನ್ನೂ ವಿವರಿಸುವುದೇ ನನ್ನ ಉದ್ದೇಶ.

ಸಾಧನದ ಸ್ವರೂಪ

ತೂಗುಪಟ್ಟಿಯ ರಚನೆ ಬಹಳ ಸರಳ. ನೈಲಾನ್ ಅಥವಾ ಪಾಲಿಯೆಸ್ಟರ್ ನೂಲಿನಿಂದ ಒತ್ತಾಗಿ ನೇಯ್ದ, ಸುಮಾರು ಒಂದೂವರೆ ಅಂಗುಲ ಅಗಲದ ಎರಡು ಪಟ್ಟಿಗಳು ಮೇಲ್ಗಡೆ ಒಂದೇ ಕೊಂಡಿಯಲ್ಲಿ ಸೇರಿರುತ್ತವೆ. ಕೆಳಗಿನ ಒಂದೊಂದು ತುದಿಯಲ್ಲಿಯೂ ಒಂದೊಂದು ಹಿಡಿ. ಹಿಡಿಯ ಕೆಳಗೆ ಪಾದವನ್ನು ತೂರಿಸಲು ಒಂದು ಕುಣಿಕೆ. ಪಟ್ಟಿಯ ಉದ್ದವನ್ನು ಹೆಚ್ಚುಕಡಮೆ ಮಾಡಲು ನಡುವೆ ಬಕಲ್ ಇರುತ್ತದೆ. ಬಕಲ್ಲಿನೊಳಗೆ ಹಲ್ಲುಳ್ಳ ಒಂದು ಸಣ್ಣ ತುಂಡನ್ನು ಸ್ಪ್ರಿಂಗು ಪಟ್ಟಿಯ ಮೇಲೆ ಒತ್ತಿ ಹಿಡಿದಿರುತ್ತದೆ. ಭಾರ ಬಿದ್ದಷ್ಟೂ ಆ ಹಲ್ಲು ಪಟ್ಟಿಯನ್ನು ಬಿಗಿಯಾಗಿ ಕಚ್ಚುತ್ತದೆ. ಭಾರವಿಲ್ಲದಾಗ ಹೆಬ್ಬೆರಳಿನಿಂದ ಒತ್ತಿದರೆ ಸಡಿಲವಾಗುತ್ತದೆ. ಉದ್ದ ಬದಲಾಯಿಸುವ ಈ ಅನುಕೂಲದಿಂದಲೇ ಒಂದೇ ಪಟ್ಟಿಯು ಕುಳ್ಳರಿಗೂ ಎತ್ತರದವರಿಗೂ, ನಿಂತು ಮಾಡುವ ವ್ಯಾಯಾಮಕ್ಕೂ ನೆಲದ ಮೇಲೆ ಮಾಡುವ ವ್ಯಾಯಾಮಕ್ಕೂ ಒದಗಿಬರುತ್ತದೆ.

ಹಿಂದಿನ ಕಥೆ

ತೂಗಾಡುವ ವಸ್ತುವನ್ನು ಹಿಡಿದು ಮೈ ಬೆಳೆಸುವ ವಿದ್ಯೆ ಹೊಸದೇನೂ ಅಲ್ಲ. 1896ರಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲನೆಯ ಆಧುನಿಕ ಒಲಿಂಪಿಕ್ ಕ್ರೀಡೆಗಳಲ್ಲಿಯೇ ತೂಗುಬಳೆಗಳ ಸ್ಪರ್ಧೆ ಇದ್ದಿತು. ನಮ್ಮ ದೇಶದಲ್ಲಿ ಮಲ್ಲಕಂಬದ ಒಂದು ಪ್ರಕಾರವನ್ನು ಹಗ್ಗದ ಮೇಲೆಯೇ ಮಾಡುತ್ತಾರೆ. ಇನ್ನು ಕಂಬದ ಮೇಲಿನ ಸಾಧನೆಯ ನೆನಪು ಕನ್ನಡನಾಡಿನಲ್ಲಿ ಬಲು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ಅಭ್ಯಾಸಗಳನ್ನು ಹೇಳುವಾಗ ಭಾರ ಎತ್ತುವುದು, ನೀರಿನಲ್ಲಿ ಶ್ರಮಿಸುವುದು ಮುಂತಾದವುಗಳ ಜೊತೆಗೆ ಸ್ತಂಭಶ್ರಮವನ್ನೂ ಹೇಳಿದೆ. ಬಕಲ್ ಇರುವ ಪಟ್ಟಿಯನ್ನು ಯೋಗಾಭ್ಯಾಸದಲ್ಲಿ ಬಳಕೆಗೆ ತಂದವರಲ್ಲಿ ಮುಖ್ಯರಾದವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರರು. ಮೈ ಬಾಗದವರು ಕೂಡ ಆಸನವನ್ನು ಸರಿಯಾಗಿ ಮಾಡಬೇಕೆಂದು ಅವರು ಪಟ್ಟಿ, ಹಗ್ಗ, ಮರದ ಇಟ್ಟಿಗೆಗಳನ್ನು ಆಸರೆಯಾಗಿ ಕೊಟ್ಟರು.

ಆಸ್ಪತ್ರೆಯಲ್ಲಿಯೂ ಇಂಥ ಪಟ್ಟಿಗೆ ಸ್ಥಾನವುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಆಲಿವ್ ಗತ್ರಿ ಸ್ಮಿತ್ ಎಂಬಾಕೆಯು ಬಲಗುಂದಿದ ಕೈಕಾಲುಗಳನ್ನು ಜೋಲಿಯಂಥ ಪಟ್ಟಿಗಳಲ್ಲಿ ತೂಗುಹಾಕಿ ವ್ಯಾಯಾಮ ಮಾಡಿಸುವ ಕ್ರಮವನ್ನು ಬಳಕೆಗೆ ತಂದರು. ಕಾಲಿನ ಭಾರವನ್ನು ಪಟ್ಟಿಯು ಹೊತ್ತುಕೊಂಡರೆ, ಅದನ್ನು ಎತ್ತಲಾರದ ರೋಗಿಯೂ ಅತ್ತಿತ್ತ ಆಡಿಸಬಲ್ಲನು; ಆಡಿಸುತ್ತ ಆಡಿಸುತ್ತ ಸ್ನಾಯು ಚೇತರಿಸಿಕೊಳ್ಳುತ್ತದೆ. ಭಾರವನ್ನು ಹೇರುವುದಷ್ಟೇ ಅಲ್ಲ, ಭಾರವನ್ನು ಇಳಿಸಿಕೊಡುವುದೂ ವ್ಯಾಯಾಮದ ಉಪಾಯವೆಂಬ ತತ್ತ್ವವನ್ನು ವಾಚಕರು ನೆನಪಿಡಬೇಕು. ಮುಂದೆ ಇದೇ ನಮಗೆ ದಾರಿ ತೋರುತ್ತದೆ.

ಈಗಿನ ರೂಪದ ಪಟ್ಟಿಯ ಕಥೆ ಅಮೆರಿಕದ್ದು. ಅಲ್ಲಿನ ನೌಕಾಸೇನೆಯ ವಿಶೇಷ ದಳದಲ್ಲಿದ್ದ ರಾಂಡಿ ಹೆಟ್ರಿಕ್ ಎಂಬವರು 1997ರಲ್ಲಿ ಆಗ್ನೇಯ ಏಷ್ಯದಲ್ಲಿ ಕೆಲಸದ ಮೇಲಿದ್ದಾಗ, ಜುಜುತ್ಸು ಮಲ್ಲವಿದ್ಯೆಯ ಸೊಂಟಪಟ್ಟಿ ಮತ್ತು ಪ್ಯಾರಾಚೂಟಿನ ಪಟ್ಟಿಗಳನ್ನು ಸೇರಿಸಿ ಹೊಲಿದು ತಮ್ಮ ಅಭ್ಯಾಸಕ್ಕೆ ಒಂದು ಸಾಧನ ಮಾಡಿಕೊಂಡರು. ಸೇನೆ ಬಿಟ್ಟ ಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಪಾರಶಾಸ್ತ್ರ ಓದಿ, ಅದನ್ನೇ ತಿದ್ದಿ ಮಾರುಕಟ್ಟೆಗೆ ತಂದರು. ಅಂಗಡಿಯಲ್ಲಿ ಸಾಮಾನು ಕೊಂಡು ಹುಟ್ಟಿದ ಸಾಧನ ಇದಲ್ಲ, ಸಾಮಾನಿಲ್ಲದ ಕಡೆಯಲ್ಲಿ ಹುಟ್ಟಿದ್ದು. ನಮ್ಮಂಥವರಿಗೆ ಇದು ಹೊಂದುವುದಕ್ಕೆ ಕಾರಣವೂ ಅದೇ.

ಭಾರದ ಲೆಕ್ಕ

ತೂಗುಪಟ್ಟಿಯಲ್ಲಿ ಕಬ್ಬಿಣದ ಬಿಲ್ಲೆಗಳಿಲ್ಲ. ಹಾಗಾದರೆ ಭಾರವನ್ನು ಹೆಚ್ಚುಕಡಮೆ ಮಾಡುವುದು ಹೇಗೆ? ಹೈಸ್ಕೂಲಿನಲ್ಲಿ ಓದಿದ ಸನ್ನೆಕೋಲಿನ ಪಾಠವೇ ಇದಕ್ಕೆ ಸಾಕು.

52 ಕಿಲೋ ತೂಕದ ಒಬ್ಬ ವಿದ್ಯಾರ್ಥಿನಿಯು ಪಟ್ಟಿಯ ಎರಡು ಹಿಡಿಗಳನ್ನೂ ಹಿಡಿದು, ಮೈಯನ್ನು ಕೋಲಿನಂತೆ ನೆಟ್ಟಗೆ ಇಟ್ಟುಕೊಂಡು ಹಿಂದಕ್ಕೆ ಒರಗಿದ್ದಾಳೆಂದು ಭಾವಿಸೋಣ. ಅವಳ ಹಿಮ್ಮಡಿಯೇ ಸನ್ನೆಕೋಲಿನ ಆನಿಕೆ. ಹಿಮ್ಮಡಿಯಿಂದ ಭುಜಕ್ಕೆ 130 ಸೆಂಟಿಮೀಟರ್. ಹಿಮ್ಮಡಿಯಿಂದ ಗುರುತ್ವ ಕೇಂದ್ರಕ್ಕೆ, ಎಂದರೆ ಹೊಕ್ಕುಳಿನ ಕೆಳಭಾಗದ ಮಟ್ಟಕ್ಕೆ, 90 ಸೆಂಟಿಮೀಟರ್. ತೋಳುಗಳೂ ಪಟ್ಟಿಯೂ ಒಂದೇ ಗೆರೆಯಲ್ಲಿದ್ದು ಮೈಗೆ ಲಂಬವಾಗಿರಲಿ. ಆಗ ಕೈಗಳ ಮೇಲೆ ಬೀಳುವ ಎಳೆತವನ್ನು ಕಂಡುಹಿಡಿಯಲು 52ನ್ನು 90ರಿಂದ ಗುಣಿಸಿ 130ರಿಂದ ಭಾಗಿಸಬೇಕು, ಅದು 36. ಈ 36ನ್ನು ಮೈಯು ನೆಲದೊಡನೆ ಮಾಡುವ ಕೋನದ ಕೊಸೈನಿನಿಂದ ಗುಣಿಸಬೇಕು.

ಮೈಯು ನೆಲಕ್ಕೆ 75 ಡಿಗ್ರಿಯಲ್ಲಿದ್ದರೆ, ಎಂದರೆ ಸ್ವಲ್ಪವೇ ಒರಗಿದ್ದರೆ, ಎರಡು ಕೈಗಳಿಗೂ ಸೇರಿ ಬೀಳುವ ಎಳೆತ ಸುಮಾರು 9 ಕಿಲೋ. 60 ಡಿಗ್ರಿಗೆ 18 ಕಿಲೋ. 45 ಡಿಗ್ರಿಗೆ ಸುಮಾರು 25 ಕಿಲೋ. 30 ಡಿಗ್ರಿಗೆ ಸುಮಾರು 31 ಕಿಲೋ. ಮೈ ಬಹುತೇಕ ನೆಲಕ್ಕೆ ಸಮಾನಾಂತರವಾದರೆ 36 ಕಿಲೋ. ಇದು ಅಲುಗಾಡದೆ ನಿಂತಾಗಿನ ಲೆಕ್ಕ. ಜಗ್ಗಿ ಏಳುವಾಗ ಇನ್ನಷ್ಟು ಬೀಳುತ್ತದೆ. ಆದರೂ ಮುಖ್ಯಾಂಶ ಸ್ಪಷ್ಟ. ಪಾದಗಳನ್ನು ನಾಲ್ಕಾರು ಹೆಜ್ಜೆ ಮುಂದಕ್ಕೆ ಸರಿಸಿದ ಮಾತ್ರಕ್ಕೆ ಭಾರವು ನಾಲ್ಕು ಪಟ್ಟಾಗುತ್ತದೆ. ಹಿಂದಕ್ಕೆ ಸರಿದರೆ ಮತ್ತೆ ಇಳಿಯುತ್ತದೆ.

ಇದರ ಬೆಲೆ ಏನೆಂಬುದನ್ನು ಅಡ್ಡಕಂಬಿಗೆ ಜೋತುಬಿದ್ದು ಗದ್ದವನ್ನು ಮೇಲೇರಿಸಲು ಯತ್ನಿಸಿದವರು ಬಲ್ಲರು. ಅಲ್ಲಿ 52 ಕಿಲೋವನ್ನೂ ಎತ್ತಬೇಕು. 51 ಎತ್ತುವ ಬಲವಿದ್ದರೂ ಫಲವಿಲ್ಲ. ಸೇನೆಯ ಭರ್ತಿಯಲ್ಲಿ ಈ ಪರೀಕ್ಷೆಯೂ ಇರುವುದರಿಂದ ನಮ್ಮ ಎಷ್ಟೋ ಸಹಪಾಠಿಗಳು ಕಂಬಿಯ ಕೆಳಗೆ ಜೋತಾಡಿ, ಒಂದನ್ನೂ ಮುಗಿಸಲಾರದೆ, ಇದು ನಮ್ಮಿಂದಾಗದೆಂದು ಕೈಬಿಡುತ್ತಾರೆ. ತೂಗುಪಟ್ಟಿಯಲ್ಲಿ ಸೋಲು ಗೆಲುವಿನ ಅಂಥ ಕಡಿದಾದ ಗೆರೆಯಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯಂತೆ, ಇಂದಿನ ಬಲ 9 ಕಿಲೋ ಆದರೆ ಇಂದು 9. ಮುಂದಿನ ತಿಂಗಳು 18. ಆಸ್ಪತ್ರೆಯ ಜೋಲಿಯ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಎಳೆಯುವ ಕೆಲಸವೇಕೆ?

ನಮ್ಮ ಗರಡಿಯ ಮುಖ್ಯ ಸಾಮುಗಳು ದಂಡ ಮತ್ತು ಬಸ್ಕಿ. ದಂಡವು ನೆಲವನ್ನು ಒತ್ತುವ ಕೆಲಸ. ಬಸ್ಕಿಯು ಕಾಲುಗಳ ಕೆಲಸ. ಎಳೆಯುವ ಕೆಲಸವು ಪೈಲ್ವಾನನಿಗೆ ಮಟ್ಟಿಯನ್ನು ಅಗೆಯುವುದರಲ್ಲಿ, ಹಗ್ಗ ಹತ್ತುವುದರಲ್ಲಿ, ಎದುರಾಳಿಯನ್ನು ಸೆಳೆಯುವುದರಲ್ಲಿ ತಾನಾಗಿಯೇ ದೊರೆಯುತ್ತಿತ್ತು. ಉಳಿದ ಜನರಿಗೆ ಅದು ದಿನದ ದುಡಿಮೆಯಲ್ಲಿಯೇ ದೊರೆಯುತ್ತಿತ್ತು. ಬಾವಿಯಿಂದ ನೀರು ಸೇದುವುದು, ಹುಲ್ಲಿನ ಹೊರೆಯನ್ನು ಹಗ್ಗ ಹಾಕಿ ಬಿಗಿಯುವುದು, ಎತ್ತಿನ ಮೂಗುದಾರ ಹಿಡಿದು ನಿಲ್ಲಿಸುವುದು, ಇವೆಲ್ಲವೂ ಬೆನ್ನು ಮತ್ತು ತೋಳುಗಳ ಎಳೆತವೇ. ಈಗ ಮನೆಯ ಮುಂದೆ ನಲ್ಲಿ ಬಂದಿದೆ. ಅದು ಬಂದುದು ಒಳ್ಳೆಯದೇ. ರಾಟೆಯ ಮುಂದೆ ಹೆಂಗಸರು ಸವೆಸಿದ ಆಯುಷ್ಯವನ್ನು ಯಾರೂ ಮರಳಿ ಬಯಸಬೇಕಾಗಿಲ್ಲ. ಆದರೆ ರಾಟೆಯೊಡನೆ ಎಳೆತವೂ ಹೋಯಿತು. ಅದರ ಬದಲಿಗೆ ಏನೂ ಬರಲಿಲ್ಲ.

ನಮ್ಮ ಮನೆಯಲ್ಲಿ ಪದವಿ ತರಗತಿಯವರೆಗೆ ಬಂದವಳು ನಾನೇ ಮೊದಲಿಗಳು. ನಾನು ಈ ಪಟ್ಟಿಯ ವಿಚಾರ ಹೇಳಿದಾಗ ನಮ್ಮ ಅಜ್ಜಿ, “ಅಲ್ಲ ಕಣವ್ವಾ, ಮೈ ಬಗ್ಗಿಸಿ ಗೇಯೋರಿಗೆ ಹಗ್ಗ ಹಿಡ್ಕೊಂಡು ಜೋಲಾಡೋದು ಯಾಕೆ?” ಎಂದು ನಕ್ಕರು. ಅವರ ಮಾತು ಅವರ ಮಟ್ಟಿಗೆ ಸರಿ. ಆದರೆ ನಾನು ಗೇಯುವವಳಲ್ಲ. ಬೆಳಗ್ಗೆ ಬಸ್ಸಿನಲ್ಲಿ ಕೂತು, ಹಗಲು ಬೆಂಚಿನ ಮೇಲೆ ಕೂತು, ರಾತ್ರಿ ಪುಸ್ತಕದ ಮುಂದೆ ಬಾಗಿ ಕೂರುವವಳು. ಮುಂದೆ ದೇವರ ದಯೆಯಿಂದ ಕೆಲಸ ಸಿಕ್ಕಿದರೆ ಅದೂ ಕುರ್ಚಿಯ ಕೆಲಸವೇ. ತಲೆತಲಾಂತರದಿಂದ ದುಡಿಮೆಯೇ ವ್ಯಾಯಾಮವಾಗಿದ್ದ ಮನೆತನಗಳಿಂದ ಕೂತು ಉಣ್ಣುವ ಕೆಲಸಕ್ಕೆ ಹೊರಟ ಮೊದಲ ತಲೆಮಾರು ನಮ್ಮದು. ಹಿರಿಯರು ನಮಗಾಗಿ ಹೊರೆ ಹೊತ್ತು ಈ ಕುರ್ಚಿಯನ್ನು ದೊರಕಿಸಿದ್ದಾರೆ. ಆ ಕುರ್ಚಿಯಲ್ಲಿ ಮೈಯನ್ನು ಕೆಡಿಸಿಕೊಂಡರೆ ಅವರ ಶ್ರಮಕ್ಕೆ ನಾವು ಕೊಟ್ಟ ಬೆಲೆಯಾದರೂ ಏನು?

ಹಾಗೆಂದು ದುಡಿಮೆಯೆಲ್ಲ ವ್ಯಾಯಾಮವೆಂದೂ ತಿಳಿಯಬಾರದು. ಮೂಟೆ ಹೊರುವವನ ಭಾರವನ್ನು ಗೊತ್ತುಮಾಡುವವರು ಬೇರೆಯವರು, ದಿನವೂ ಒಂದೇ ಹೆಗಲು, ಒಂದೇ ಸೊಂಟ ಸವೆಯುತ್ತವೆ, ನೋವಾದರೂ ನಿಲ್ಲಿಸುವಂತಿಲ್ಲ. ವ್ಯಾಯಾಮದಲ್ಲಿ ಭಾರವನ್ನೂ ಬಿಡುವನ್ನೂ ನಾವೇ ಗೊತ್ತುಮಾಡುತ್ತೇವೆ. ಎರಡಕ್ಕೂ ಇರುವ ಭೇದ ಇಷ್ಟೇ. ಆದರೆ ಈ ಭೇದ ಸಣ್ಣದಲ್ಲ.

ಅಭ್ಯಾಸ ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಚಟುವಟಿಕೆಯ ಜೊತೆಗೆ, ಕಡಮೆಯೆಂದರೆ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಬೇಕು. ತೂಗುಪಟ್ಟಿಯು ಈ ಎರಡು ದಿನಗಳ ಕೆಲಸಕ್ಕೆ ಸಾಕು. ಮೊದಲು ಕಲಿಯತಕ್ಕವು ನಾಲ್ಕು.

1. ಎಳೆತ: ಪಟ್ಟಿಯನ್ನು ಗಿಡ್ಡ ಮಾಡಿ, ಹಿಂದಕ್ಕೆ ಒರಗಿ, ಮೊಣಕೈಗಳನ್ನು ಪಕ್ಕೆಗೆ ಸವರಿಕೊಂಡು ಎದೆಯನ್ನು ಹಿಡಿಗಳವರೆಗೆ ತರುವುದು. ಹೆಗಲ ಎಲುಬುಗಳು ಒಂದಕ್ಕೊಂದು ಹತ್ತಿರ ಬರಬೇಕು. ಬಾಗಿ ಓದುವವರಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದುದು.

2. ಒತ್ತು: ಪಟ್ಟಿಯನ್ನು ಉದ್ದ ಮಾಡಿ, ಕಟ್ಟಿದ ಸ್ಥಳಕ್ಕೆ ಬೆನ್ನು ಹಾಕಿ ಮುಂದಕ್ಕೆ ಒರಗಿ ದಂಡ ಹೊಡೆಯುವುದು. ಹಿಡಿಗಳು ಅಲುಗಾಡುವುದರಿಂದ ಹೊಟ್ಟೆಯ ಸ್ನಾಯುಗಳೂ ದುಡಿಯಬೇಕಾಗುತ್ತದೆ. ನೆಲದ ಮೇಲಿನ ದಂಡಕ್ಕಿಂತ ಇದರಲ್ಲಿ ಅವು ಹೆಚ್ಚು ದುಡಿಯುವುದನ್ನು ಪ್ರಯೋಗಗಳಲ್ಲಿ ಅಳೆದು ನೋಡಿದ್ದಾರೆ.

3. ಬಸ್ಕಿ: ಹಿಡಿಗಳ ಆಸರೆಯಿಂದ ಪೂರ್ತಿ ಕೂತು ಏಳುವುದು. ಮಂಡಿಯಲ್ಲಿ ಬಲ ಸಾಲದವರಿಗೆ ಕೈಗಳು ಸ್ವಲ್ಪ ಭಾರವನ್ನು ಹೊತ್ತುಕೊಡುತ್ತವೆ.

4. ಹಲಗೆ: ಪಾದಗಳನ್ನು ಕುಣಿಕೆಗಳಲ್ಲಿಟ್ಟು, ಮೊಣಕೈಗಳನ್ನು ನೆಲಕ್ಕೂರಿ, ಸೊಂಟ ಜೋಲದಂತೆ ಇಪ್ಪತ್ತು ಎಣಿಸುವವರೆಗೆ ನಿಲ್ಲುವುದು.

ಮೊದಲನೆಯ ಮೂರನ್ನು ಎಂಟರಿಂದ ಹನ್ನೆರಡು ಸಲ, ಎರಡು ಸುತ್ತು ಮಾಡಿದರೆ ಆರಂಭಕ್ಕೆ ಸಾಕು. ಹನ್ನೆರಡೂ ಸುಲಭವೆನಿಸಿದಾಗ ಪಾದವನ್ನು ಅರ್ಧ ಹೆಜ್ಜೆ ಸರಿಸಿ ಭಾರ ಹೆಚ್ಚಿಸಬೇಕು. ಎರಡು ಅಭ್ಯಾಸಗಳ ನಡುವೆ ಒಂದು ದಿನವಾದರೂ ಬಿಡುವಿರಲಿ.

ಎಚ್ಚರಿಕೆಯ ಮಾತುಗಳು

ಈ ವ್ಯಾಯಾಮದಲ್ಲಿ ದೊಡ್ಡ ಅಪಾಯವಿರುವುದು ಪಟ್ಟಿಯನ್ನು ಕಟ್ಟುವ ಸ್ಥಳದಲ್ಲಿ. ಒರಗಿದಾಗ ಅದು ಕಿತ್ತುಬಂದರೆ ಬೀಳುವವರು ಹಿಂದಲೆಯ ಮೇಲೆ ಬೀಳುತ್ತಾರೆ. ಆದುದರಿಂದ ಫ್ಯಾನಿನ ಕೊಕ್ಕೆಗೆ ಎಂದಿಗೂ ಕಟ್ಟಕೂಡದು. ಅದನ್ನು ಹಾಕಿರುವುದು ಫ್ಯಾನಿನ ತೂಕಕ್ಕೇ ಹೊರತು ಮನುಷ್ಯನ ಜಗ್ಗಾಟಕ್ಕಲ್ಲ. ತುಕ್ಕು ಹಿಡಿದ ಕಿಟಕಿಯ ಸರಳು, ಗೆದ್ದಲು ತಿಂದ ತೊಲೆ, ಒಣಗಿದ ಕೊಂಬೆ, ಇವೂ ಬೇಡ. ಬಾಗಿಲಿಗೆ ಹಾಕುವುದಾದರೆ ಅದಕ್ಕೆಂದೇ ಮಾಡಿದ ತುಂಡನ್ನು ಬಳಸಿ, ನಾವು ಎಳೆದಾಗ ಬಾಗಿಲು ಚೌಕಟ್ಟಿಗೆ ಇನ್ನಷ್ಟು ಒತ್ತಿಕೊಳ್ಳುವ ಕಡೆಯಲ್ಲಿಯೇ ನಿಲ್ಲಬೇಕು. ಪ್ರತಿ ಸಲವೂ ಮೊದಲು ಮೆಲ್ಲಗೆ ಜಗ್ಗಿ, ಅನಂತರ ಪೂರ್ತಿ ಭಾರ ಬಿಟ್ಟು ಪರೀಕ್ಷಿಸುವುದು ಒಳ್ಳೆಯದು.

ಪಟ್ಟಿಯ ಹೊಲಿಗೆ ಬಿಚ್ಚಿದೆಯೇ, ಅಂಚು ಸವೆದಿದೆಯೇ, ಇಲಿ ಕಚ್ಚಿದೆಯೇ ಎಂದು ಆಗಾಗ ನೋಡಬೇಕು. ನೈಲಾನ್ ಬಿಸಿಲಿನಲ್ಲಿ ಬಲಗುಂದುವುದರಿಂದ ಪಟ್ಟಿಯನ್ನು ಅಂಗಳದಲ್ಲಿ ಬಿಟ್ಟಿರಬಾರದು. ಲಾರಿಯ ಸರಕು ಬಿಗಿಯುವ ಪಟ್ಟಿಗಳು ನೋಡಲು ಹೀಗೆಯೇ ಇದ್ದರೂ ಅವು ಬೇರೆ ಕೆಲಸಕ್ಕೆ ಮಾಡಿದವು. ಭುಜದ ಕೀಲು ತಪ್ಪಿದ್ದವರು, ರಕ್ತದ ಒತ್ತಡ ಹೆಚ್ಚಿರುವವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಇನ್ನೊಂದು ಮಿತಿಯನ್ನೂ ಹೇಳಬೇಕು. ಕಾಲುಗಳು ದಿನವೂ ಮೈಭಾರವನ್ನು ಹೊತ್ತು ಅಭ್ಯಾಸವಾದವು. ಅವಕ್ಕೆ ಹೆಚ್ಚಿನ ಬಲ ಬೇಕಾದರೆ ಪಟ್ಟಿಯೊಂದೇ ಸಾಲದು.

ಉಪಸಂಹಾರ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ಹಿರಿಯರು ಹೇಳಿದರು. ಕೂತು ಓದುವವರಿಗೆ ಇದ್ದ ಆರೋಗ್ಯವೂ ಸಾಲದೆಂದು ನಾವು ಅದಕ್ಕೆ ಸೇರಿಸಬಹುದು. ನಮ್ಮ ಕಾಲೇಜಿನ ಆವರಣದಲ್ಲಿ ಗಟ್ಟಿಯಾದ ಒಂದು ಅಡ್ಡಕಂಬಿಯನ್ನು ನೆಡಿಸಿ, ನಾಲ್ಕು ತೂಗುಪಟ್ಟಿಗಳನ್ನು ಇರಿಸಿ, ಹುಡುಗರಿಗೂ ಹುಡುಗಿಯರಿಗೂ ವಾರಕ್ಕೆ ಎರಡು ಸಂಜೆ ಅರ್ಧ ಗಂಟೆಯ ಅವಕಾಶ ಮಾಡಿಕೊಟ್ಟರೆ ಅದರ ಖರ್ಚು ಹೆಚ್ಚಾಗದು. ಬೇಕಾದ ಭಾರವನ್ನಂತೂ ನಾವೇ ತರುತ್ತೇವೆ. ಅದು ಹುಟ್ಟಿದಂದಿನಿಂದ ಪ್ರತಿಯೊಬ್ಬರಲ್ಲಿಯೂ ಇದೆ. ಅದನ್ನು ಅಳತೆಯರಿತು ಎತ್ತಲು ಕಲಿತರೆ, ಮುಂದೆ ಸಂಸಾರದ ಭಾರವನ್ನೂ ಸಮಾಜದ ಭಾರವನ್ನೂ ಹೊರಲು ನಮ್ಮ ಹೆಗಲು ಸಿದ್ಧವಾದೀತು.