ಹಲಗೆಯ ಮೇಲೆ ಹಲಗೆ: ವೈಕಿಂಗ್ ನಾವೆಯೂ ಕುಟುಂಬದ ಕಿರುದೋಣಿಯೂ

1898ರ ಪ್ಲೇಗಿನ ತರುವಾಯ ವಿಸ್ತರಿಸಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೆಯ ಮನೆಗಳ ಮಾಡನ್ನು ಕಂಡವರಿಗೆ ಮಂಗಳೂರು ಹೆಂಚಿನ ಜೋಡಣೆ ಪರಿಚಿತವಾದುದೇ. ಮೇಲಿನ ಸಾಲು ಕೆಳಗಿನ ಸಾಲಿನ ಅಂಚನ್ನು ಮುಚ್ಚುವುದರಿಂದ ಮಳೆನೀರು ಒಳನುಸುಳದೆ ಜಾರಿ ಇಳಿಯುತ್ತದೆ. ಸಾವಿರ ವರ್ಷಗಳಿಗೂ ಹಿಂದೆ ಉತ್ತರ ಯೂರೋಪಿನ ವೈಕಿಂಗ್ ಜನರು ತಮ್ಮ ನಾವೆಗಳ ಒಡಲನ್ನು ಕಟ್ಟಿದ್ದು ಇದೇ ಬಗೆಯಲ್ಲಿ. ಆದರೆ ಹೆಂಚಿಗೆ ಮೊದಲು ತೊಲೆ, ರೀಪುಗಳ ಆಸರೆ ಬೇಕು. ಆ ನಾವೆಯಲ್ಲಾದರೋ ಹಲಗೆಗಳ ಒಡಲೇ ಮೊದಲು, ಒಳಗಿನ ಪಕ್ಕೆಲುಬುಗಳು ಆಮೇಲೆ. ಅಂಬಿಗರ ಚೌಡಯ್ಯನವರ ಕಾಯಕಕ್ಷೇತ್ರವಾದ ತುಂಗಭದ್ರೆಯ ಹರಿಗೋಲು ಇದಕ್ಕೆ ತದ್ವಿರುದ್ಧವಾದುದು: ಅಲ್ಲಿ ಬಿದಿರಿನ ಹೆಣಿಗೆ ಮೊದಲು, ಹೊದಿಕೆ ಆಮೇಲೆ.

1880ರಲ್ಲಿ ನಾರ್ವೆಯ ಗೋಕ್ಸ್ಟಾಡ್ ಎಂಬಲ್ಲಿ ಸಮಾಧಿದಿಬ್ಬವೊಂದನ್ನು ಅಗೆದಾಗ ಸುಮಾರು 23 ಮೀಟರ್ ಉದ್ದದ ಓಕ್ ಮರದ ನಾವೆ ದೊರೆಯಿತು. ಕ್ರಿ. ಶ. 890ರ ಸುಮಾರಿನ ಆ ನಾವೆಯ ಹಲಗೆಗಳನ್ನು ಒಂದಕ್ಕೊಂದು ಕಬ್ಬಿಣದ ರಿವೆಟ್ಟುಗಳಿಂದ ಬಿಗಿದು, ನಡುವೆ ಡಾಂಬರು ಅದ್ದಿದ ಪ್ರಾಣಿಗಳ ಕೂದಲನ್ನು ತುಂಬಿದ್ದರು. ಕೆಳಭಾಗದ ಹಲಗೆಗಳನ್ನು ಪಕ್ಕೆಲುಬುಗಳಿಗೆ ಮೊಳೆಯಿಂದ ಜಡಿಯದೆ ಕಟ್ಟಿದ್ದರೆಂಬುದು ಗಮನಾರ್ಹ. ಅದರಿಂದ ಒಡಲು ಅಲೆಯೊಡನೆ ಬಳುಕುತ್ತಿತ್ತು. ಇದೇ ಮಾದರಿಯಲ್ಲಿ ಕಟ್ಟಿದ ನಾವೆಯೊಂದು 1893ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕವನ್ನು ಸೇರಿತು. ಬಿಗಿತವೇ ಬಲವೆಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ನಿಲ್ಲದು.

ಆ ದಿಬ್ಬದಲ್ಲಿಯೇ ಮೂರು ಕಿರುದೋಣಿಗಳೂ ಇದ್ದವು. ಅವುಗಳಲ್ಲಿ ಚಿಕ್ಕದರ ಉದ್ದ ಸುಮಾರು 6.5 ಮೀಟರ್, ಒಂದೊಂದು ಪಕ್ಕಕ್ಕೆ ಮೂರೇ ಅಗಲವಾದ ಹಲಗೆಗಳು, ಹಿಂದು ಮುಂದು ಎರಡೂ ತುದಿ ಚೂಪು. ನಾಲ್ಕು ಹುಟ್ಟುಗಳ ದೋಣಿ ಎಂಬರ್ಥದ ಫೇರಿಂಗ್ ಎಂಬ ಹೆಸರಿನಿಂದ ಈ ರೂಪ ನಾರ್ವೆಯ ಕರಾವಳಿಯಲ್ಲಿ ಇಂದಿಗೂ ಬಾಳಿದೆ. ಒಂದು ಸಂಸಾರ ಕುಳಿತು ಹಾಯಿ ಬಿಚ್ಚಿ ವಿಹರಿಸಬಹುದಾದ ಆಧುನಿಕ ಕಿರುದೋಣಿಗಳಲ್ಲಿ ಹಲವು ಇದರ ಸಂತತಿಯೇ. ಸ್ಕಾಟ್ಲೆಂಡಿನಲ್ಲಿ ನೆಲೆಸಿ 2024ರಲ್ಲಿ ತೀರಿಕೊಂಡ ಇಯಾನ್ ಊಟ್ರೆಡ್ ಅವರು ಇಂಥ ದೋಣಿಗಳ ನಕ್ಷೆಗಳನ್ನು ಮನೆಯಲ್ಲಿಯೇ ಕಟ್ಟುವವರಿಗಾಗಿ ರಚಿಸಿದರು. ರಿವೆಟ್ಟಿನ ಬದಲು ಪ್ಲೈವುಡ್ಡಿಗೆ ಅಂಟು ಬಂದಿತು, ಹೆಂಚಿನಂಥ ಹೊದಿಕೆ ಹಾಗೆಯೇ ಉಳಿಯಿತು. ಕೈಕೆಲಸದ ತರಗತಿಯಲ್ಲಿ ರಟ್ಟಿನ ಆರು ಪಟ್ಟಿಗಳಿಂದ ಮಕ್ಕಳೇ ಇದನ್ನು ಮಾಡಿ ನೋಡಬಹುದು. ಪಟ್ಟಿಗಳನ್ನು ಬಾಗಿಸಿ ಜೋಡಿಸಿದಂತೆಲ್ಲ, ಒಳಗೆ ಯಾವ ಆಧಾರವೂ ಇಲ್ಲದೆ, ದೋಣಿಯ ಆಕಾರ ತಾನಾಗಿ ಮೂಡುತ್ತದೆ.

ನಮ್ಮ ಪಡುಗಡಲ ತೀರದಲ್ಲಿಯೂ ಒಡಲನ್ನೇ ಮೊದಲು ಕಟ್ಟುವ ವಿದ್ಯೆಯಿತ್ತು. ಇಲ್ಲಿ ಹಲಗೆಯ ಅಂಚುಗಳನ್ನು ಒಂದರ ಮೇಲೊಂದು ಇರಿಸದೆ ಕೂಡಿಸಿ, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಎರಡು ವಿದ್ಯೆಗಳೂ ಬಹುಮಟ್ಟಿಗೆ ನಕ್ಷೆಯಿಲ್ಲದೆ, ತಂದೆಯ ಕೈಯಿಂದ ಮಗನ ಕೈಗೆ ಬಂದವು. ಉತ್ತರದ ದೇಶಗಳು ತಮ್ಮದನ್ನು ಉಳಿಸಿಕೊಂಡವು. 2021ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮದು ಬಹುಪಾಲು ಮರೆಯಾಗಿತ್ತು. ಅಜಂತೆಯ ಚಿತ್ರವೊಂದನ್ನು ಆಧರಿಸಿ ಗೋವೆಯಲ್ಲಿ ಹೊಲಿದ ‘ಕೌಂಡಿನ್ಯ’ ಹಡಗನ್ನು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿಕೊಳ್ಳಲಾಯಿತು. ಆ ಹೊಲಿಗೆಯನ್ನು ಬಲ್ಲ ಕೈಗಳು ದೊರೆತದ್ದು ಕೇರಳದಲ್ಲಿ, ಬಾಬು ಶಂಕರನ್ ಎಂಬ ಹಿರಿಯ ಕುಶಲಕರ್ಮಿಯ ಬಳಗದಲ್ಲಿ.