ಕಡಲಿಗೂ ಘಾಟಿಗೂ ನಡುವೆ ಒಂದು ರಾತ್ರಿ

ಪ್ರಶ್ನೋತ್ತರ: ಸ್ಕೂಬಾ ಡೈವಿಂಗ್

ಕೆಲಸದ ನಿಮಿತ್ತ ವಯನಾಡಿನಲ್ಲಿರುವ ಕನ್ನಡಿಗರಿಂದ ಬಂದ ಪತ್ರಗಳಿಗೆ ನಮ್ಮ ಡೈವಿಂಗ್ ತರಬೇತುದಾರರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಮೈಸೂರಿನವನು. ಬ್ಯಾಂಕ್ ಲೆಕ್ಕಪರಿಶೋಧನೆಗೆಂದು ಆಗಾಗ ಕಲ್ಪೆಟ್ಟಕ್ಕೆ ಬಂದು ವಾರಗಟ್ಟಲೆ ಉಳಿಯುತ್ತೇನೆ. ಓಪನ್ ವಾಟರ್ ಪ್ರಮಾಣಪತ್ರವಿದೆ. ಬಾಣಾಸುರ ಸಾಗರ, ಕಾರಾಪುಳ, ಪೂಕೋಡು ಕೆರೆ ಎಂದು ಸುತ್ತಲೂ ಇಷ್ಟೊಂದು ನೀರಿದೆ. ಇಲ್ಲೇ ಎಲ್ಲಾದರೂ ಡೈವ್ ಮಾಡಬಹುದೆ?
– ಲೆಕ್ಕಪರಿಶೋಧಕ, ಕಲ್ಪೆಟ್ಟ

ಉತ್ತರ: ಬೇಡ. ಬಾಣಾಸುರ ಸಾಗರ ವಿದ್ಯುತ್ ಮಂಡಳಿಯ ಜಲಾಶಯ, ಕಾರಾಪುಳ ನೀರಾವರಿ ಅಣೆಕಟ್ಟು. ಅಲ್ಲಿ ದೋಣಿ ವಿಹಾರ, ಉದ್ಯಾನ ಇವೆ. ಹವ್ಯಾಸಿ ಡೈವಿಂಗಿಗೆ ಅವು ತಾಣಗಳಲ್ಲ. ಹಿನ್ನೀರಿನ ತಳದಲ್ಲಿ ಮುಳುಗಿದ ಗುಡ್ಡವಿರುತ್ತದೆ, ಹೂಳಿರುತ್ತದೆ, ತೂಬಿನ ಬಳಿ ಸೆಳೆತವಿರುತ್ತದೆ. ಬಾಣಾಸುರದ ಪೂರ್ಣ ಮಟ್ಟ ಸಮುದ್ರದಿಂದ ಸುಮಾರು 775 ಮೀಟರ್ ಎತ್ತರದಲ್ಲಿದೆ. 300 ಮೀಟರಿಗಿಂತ ಮೇಲಿನ ನೀರಿನಲ್ಲಿ ಇಳಿಯುವವರಿಗೆ ಬೇರೆಯೇ ಲೆಕ್ಕಾಚಾರ, ಬೇರೆಯೇ ತರಬೇತಿ ಬೇಕು. ಪೂಕೋಡು ಕೆರೆಯಲ್ಲಂತೂ ಆ ಕೆರೆಯ ಹೆಸರನ್ನೇ ಹೊತ್ತ, ಅಲ್ಲಿಂದಲೇ ಲೋಕಕ್ಕೆ ಪರಿಚಯವಾದ ಪುಟ್ಟ ಮೀನಿನ ಜಾತಿಯೊಂದಿದೆ. ಅದನ್ನು ಅದರ ಪಾಡಿಗೆ ಬಿಡುವುದೇ ಒಳ್ಳೆಯದು.

ನೀವು ಹೋಗಬೇಕಾದದ್ದು ಕಡಲಿಗೆ. ಕನ್ನಡಿಗರಿಗೆ ಮೊದಲು ಹೊಳೆಯಬೇಕಾದ ಜಾಗ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ. ಬಂಡೆಗಳ ಸುತ್ತ ಗಿಳಿಮೀನು, ಚಿಟ್ಟೆಮೀನು, ಬರಾಕುಡಾ, ಗ್ರೂಪರ್‌ಗಳು ಕಾಣುತ್ತವೆ. ಅದೃಷ್ಟವಿದ್ದರೆ ಕಡಲಾಮೆಯೂ ಎದುರಾಗುತ್ತದೆ. ಅಕ್ಟೋಬರಿನಿಂದ ಮೇವರೆಗೆ ಕಾಲ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ನೀರು ಹೆಚ್ಚು ತಿಳಿ. ಕೇರಳದಲ್ಲೇ ಇರಬೇಕೆಂದರೆ ದಕ್ಷಿಣದ ತುದಿಯಲ್ಲಿ ಕೋವಳಂ ಇದೆ. ಲಕ್ಷದ್ವೀಪದ ಹವಳದ ದಿಬ್ಬಗಳು ಇವೆರಡಕ್ಕಿಂತ ಶ್ರೀಮಂತ. ಆದರೆ ಅಲ್ಲಿಗೆ ಪ್ರವೇಶ ಪರವಾನಗಿ ಪಡೆದು, ಕೊಚ್ಚಿಯಿಂದ ವಿಮಾನವನ್ನೋ ಹಡಗನ್ನೋ ಹಿಡಿಯಬೇಕು. ಅದಕ್ಕೆ ವಾರಾಂತ್ಯ ಸಾಲದು, ರಜೆ ಹಾಕಿಯೇ ಹೋಗಬೇಕು.

ಪ್ರಶ್ನೆ: ಭಾನುವಾರ ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ, ರಾತ್ರಿಯೇ ಹೊರಟು ಸೋಮವಾರ ಬೆಳಿಗ್ಗೆ ಮಾನಂದವಾಡಿಯ ಕಚೇರಿ ಸೇರಬಹುದೆ? ವಿಮಾನ ಹತ್ತುತ್ತಿಲ್ಲವಲ್ಲ.
– ಎಂಜಿನಿಯರ್, ಮಾನಂದವಾಡಿ

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ವಂದನೆ. ಇದನ್ನು ಕೇಳದೆಯೇ ಘಾಟಿ ಹತ್ತುವವರು ಬಹಳ ಮಂದಿ.

ಆಳದಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗಿ ನಿಲ್ಲುತ್ತದೆ. ಮೇಲೆ ಬಂದ ನಂತರ ಅದು ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಹೊರಗಿನ ಗಾಳಿಯ ಒತ್ತಡ ಇಳಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಒಳಗೇ ಗುಳ್ಳೆ ಕಟ್ಟುತ್ತದೆ. ಕೀಲು ನೋವು, ಜೋಮು, ಚರ್ಮದ ಕಲೆ, ತಲೆಸುತ್ತು, ಅಸಹಜ ಸುಸ್ತು ಅದರ ಲಕ್ಷಣಗಳು. ಮುಂದುವರಿದರೆ ಪಾರ್ಶ್ವವಾಯುವೂ ಆಗಬಹುದು.

ಡೈವರ್‌ಗಳ ಸುರಕ್ಷತಾ ಸಂಸ್ಥೆಯಾದ ಡ್ಯಾನ್ ಹೇಳುವ ಪ್ರಕಾರ, ವಿಮಾನ ಹತ್ತುವ ಮೊದಲು ಒಂದೇ ಸಾಮಾನ್ಯ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾಗಿದ್ದರೆ ಕನಿಷ್ಠ 18 ಗಂಟೆ ಬಿಡುವಿರಬೇಕು. ಈ ಸೂಚನೆ ಅನ್ವಯಿಸುವುದು ವಿಮಾನದೊಳಗಿನ ಒತ್ತಡ 2000ದಿಂದ 8000 ಅಡಿ ಎತ್ತರದ ಒತ್ತಡಕ್ಕೆ ಸಮನಾಗಿರುವಾಗ. 2000 ಅಡಿ ಎಂದರೆ ಸುಮಾರು 610 ಮೀಟರ್. ವಯನಾಡಿನ ಪ್ರಸ್ಥಭೂಮಿ ಅದಕ್ಕಿಂತ ಎತ್ತರದಲ್ಲಿದೆ. ಮೈಸೂರು, ಬೆಂಗಳೂರುಗಳೂ ಅಷ್ಟೆ. ಹತ್ತುವುದು ಬಸ್ಸೋ ವಿಮಾನವೋ ಎಂಬುದನ್ನು ದೇಹ ನೋಡುವುದಿಲ್ಲ, ಒತ್ತಡವನ್ನಷ್ಟೇ ನೋಡುತ್ತದೆ. ಆದ್ದರಿಂದ ಘಾಟಿಗೂ ಇದೇ ಗಂಟೆಗಳನ್ನು ಪಾಲಿಸಿ ಎನ್ನುತ್ತೇನೆ.

ಹೀಗೆ ಮಾಡಿ. ಶುಕ್ರವಾರ ಒಂದು ದಿನ ರಜೆ ಹಾಕಿ. ವಯನಾಡಿಗೆ ರೈಲಿಲ್ಲ, ಕಣ್ಣೂರಿಗೋ ಕೋಳಿಕ್ಕೋಡಿಗೋ ಇಳಿದು, ಮಂಗಳೂರು ದಾಟಿ ಕೊಂಕಣ ರೈಲಿನಲ್ಲಿ ಮುರುಡೇಶ್ವರದ ಕಡೆ ಸಾಗಿ. ಶನಿವಾರ ಮಧ್ಯಾಹ್ನ 1 ಗಂಟೆಯೊಳಗೆ ಡೈವ್ ಮುಗಿದರೆ ಭಾನುವಾರ ಬೆಳಿಗ್ಗೆ 7ಕ್ಕೆ 18 ಗಂಟೆ ತುಂಬುತ್ತದೆ. ಶನಿವಾರ ರಾತ್ರಿ ಕರಾವಳಿಯಲ್ಲೇ ಮಲಗಿ, ಭಾನುವಾರ ಅದೇ ದಾರಿಯಲ್ಲಿ ಮರಳಿ. ಈ ದಾರಿ ಕಣ್ಣೂರಿನ ತನಕ ಕಡಲಂಚಿನಲ್ಲೇ ಸಾಗುವುದರಿಂದ ಪ್ರಯಾಣದ ಗಂಟೆಗಳೂ ಬಿಡುವಿನ ಲೆಕ್ಕಕ್ಕೆ ಸೇರುತ್ತವೆ. ಸಂಜೆ ಘಾಟಿ ಹತ್ತುವಾಗ ಒಂದು ಇಡೀ ದಿನ ಕಳೆದಿರುತ್ತದೆ. ಆಗುಂಬೆ ಅಥವಾ ಶಿರಾಡಿ ಹತ್ತಿ ಮೈಸೂರಿನ ಮೇಲೆ ಬರುವ ದಾರಿಯಲ್ಲಿ ಈ ಅನುಕೂಲವಿಲ್ಲ. ಮೇಲಾಗಿ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಬರುವ ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ.

ಕೆಲಸದ ನಡುವೆ ಡೈವ್ ಮಾಡುವವರು ಹೋಗುವ ದಿನಕ್ಕಿಂತ ಮೊದಲು ಮರಳುವ ದಿನವನ್ನು ಗೊತ್ತುಮಾಡಿಕೊಳ್ಳಬೇಕು. ಬಿಡುವಿನ ರಾತ್ರಿ ಸಿಗದಿದ್ದರೆ ಆ ವಾರ ಕಡಲಿಗೆ ಇಳಿಯಲೇಬೇಡಿ.

ಪ್ರಶ್ನೆ: ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿದಂದಿನಿಂದ ನನಗೂ ಆಸೆ. ಆದರೆ ಈಜು ಬಾರದು, ಚಿಕ್ಕಂದಿನಲ್ಲಿ ಉಬ್ಬಸವೂ ಇತ್ತು. ನನಗಿದು ಸಾಧ್ಯವೆ?
– ಶುಶ್ರೂಷಕಿ, ಸುಲ್ತಾನ್ ಬತ್ತೇರಿ

ಉತ್ತರ: ಈಜು ಬಾರದವರೂ ತರಬೇತುದಾರರ ಕೈಯಳತೆಯಲ್ಲಿ ಪರಿಚಯ ಡೈವ್ ಮಾಡಬಹುದು. ಅದರ ಮಿತಿ 12 ಮೀಟರ್. ಪ್ರಮಾಣಪತ್ರದ ಓಪನ್ ವಾಟರ್ ಕೋರ್ಸಿಗಾದರೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಅದು ನಿಮ್ಮನ್ನು 18 ಮೀಟರ್ ಆಳಕ್ಕೆ ಅರ್ಹಗೊಳಿಸುತ್ತದೆ.

ಉಬ್ಬಸದ ವಿಷಯ ಮಾತ್ರ ಹಗುರವಲ್ಲ. ಆರೋಗ್ಯದ ಪ್ರಶ್ನಾವಳಿಯಲ್ಲಿ ಅದನ್ನು ಮುಚ್ಚಿಡಬೇಡಿ. ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಕೊಂಡರೆ ಮೇಲೇರುವಾಗ ಅದು ಹಿಗ್ಗಿ ಅಂಗಾಂಶವನ್ನೇ ಹರಿಯಬಲ್ಲದು. ವೈದ್ಯರ ಲಿಖಿತ ಒಪ್ಪಿಗೆ ಪಡೆದ ನಂತರವೇ ಹಣ ಕಟ್ಟಿ. ನೆಗಡಿಯಿದ್ದ ದಿನ ಇಳಿಯಬೇಡಿ.

ಕೇಂದ್ರವನ್ನು ಆರಿಸುವಾಗ ನೇರವಾಗಿ ಕೇಳಿ: ತರಬೇತುದಾರರ ಪ್ರಮಾಣಪತ್ರ ಯಾವ ಸಂಸ್ಥೆಯದು? ಒಬ್ಬರ ಜೊತೆ ಎಷ್ಟು ಜನ ಇಳಿಯುತ್ತಾರೆ? ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೆ? ಉತ್ತರ ಹೇಳಲು ತಡವರಿಸುವವರನ್ನು ಬಿಟ್ಟುಬಿಡಿ. ನೀರೊಳಗೆ ಉಸಿರು ಹಿಡಿಯಬೇಡಿ, ಹವಳ ಮುಟ್ಟಬೇಡಿ, ಕಿವಿ ನೋಯುವ ಮೊದಲೇ ಒತ್ತಡ ಸರಿದೂಗಿಸಿಕೊಳ್ಳಿ. ಪರಿಚಯ ಡೈವ್ ಮುಗಿಸಿದವರಿಗೂ 12 ಗಂಟೆಯ ನಿಯಮ ಇದ್ದೇ ಇದೆ.

ಪ್ರಶ್ನೆ: ನನ್ನ ವಯನಾಡಿನ ಕೆಲಸವೆಲ್ಲ ಜೂನ್–ಸೆಪ್ಟೆಂಬರ್ ನಡುವೆ. ಆ ದಿನಗಳು ವ್ಯರ್ಥವೆ?
– ಕಾಫಿ ಖರೀದಿ ಪ್ರತಿನಿಧಿ, ಚಿಕ್ಕಮಗಳೂರು

ಉತ್ತರ: ಮಳೆಗಾಲದಲ್ಲಿ ಪಶ್ಚಿಮ ಕಡಲಿಗೆ ಇಳಿಯುವ ಯೋಚನೆಯೇ ಬೇಡ. ಆದರೆ ಓಪನ್ ವಾಟರ್ ಕೋರ್ಸಿನ ಪಾಠ ಭಾಗವನ್ನು ಲಾಡ್ಜಿನ ಕೋಣೆಯಲ್ಲೇ ಆನ್‌ಲೈನ್ ಮುಗಿಸಬಹುದು. ಕೊಳದ ಅಭ್ಯಾಸ ಬೆಂಗಳೂರಿನಲ್ಲಿ ಸಿಗುತ್ತದೆ. ಅಕ್ಟೋಬರಿನ ನಂತರ ನಾಲ್ಕು ಕಡಲ ಡೈವ್‌ಗಳಷ್ಟೇ ಬಾಕಿ ಇರುತ್ತವೆ.

ಪ್ರಶ್ನೆ: 2024ರ ಜುಲೈ 30ರಂದು ಮುಂಡಕೈ–ಚೂರಲ್ಮಲ ಕುಸಿದಾಗ ನಾನು ಮೇಪ್ಪಾಡಿಯಲ್ಲೇ ಕೆಲಸದಲ್ಲಿದ್ದೆ. ಚಾಲಿಯಾರ್ ನದಿಯಲ್ಲಿ ಶವಗಳಿಗಾಗಿ ಹುಡುಕುತ್ತಿದ್ದುದನ್ನು ಮರೆಯಲಾಗುತ್ತಿಲ್ಲ. ರೆಸ್ಕ್ಯೂ ಡೈವರ್ ಕೋರ್ಸ್ ಮಾಡಿದರೆ ಇಂಥ ಹೊತ್ತಿನಲ್ಲಿ ನೆರವಾಗಬಹುದೆ?
– ಎಸ್ಟೇಟ್ ಮೇಲ್ವಿಚಾರಕ, ಮೇಪ್ಪಾಡಿ

ಉತ್ತರ: ನಿಮ್ಮ ಮನಸ್ಸು ದೊಡ್ಡದು. ಅದಕ್ಕಾಗಿಯೇ ಸ್ಪಷ್ಟವಾಗಿ ಹೇಳುತ್ತೇನೆ. ಹವ್ಯಾಸಿಗಳ ರೆಸ್ಕ್ಯೂ ಕೋರ್ಸ್ ಕಲಿಸುವುದು ಜೊತೆಗಾರ ಡೈವರ್ ಸಂಕಟಕ್ಕೆ ಸಿಕ್ಕಾಗ ಏನು ಮಾಡಬೇಕೆಂಬುದನ್ನು. ಮರ, ಬಂಡೆ, ಮನೆಯ ಅವಶೇಷಗಳನ್ನು ಹೊತ್ತ ಕೆಸರು ನೀರಿನಲ್ಲಿ ಕಣ್ಣಿಗೆ ಏನೂ ಕಾಣದು. ಅಲ್ಲಿ ಸೊಂಟಕ್ಕೆ ಹಗ್ಗ, ದಡದಲ್ಲಿ ಆ ಹಗ್ಗದ ಸನ್ನೆ ಓದಬಲ್ಲ ಸಂಗಾತಿ, ಪೂರ್ಣ ಮುಖಗವಸು, ತಂಡದ ಶಿಸ್ತು ಬೇಕು. ಅದು ನೌಕಾಪಡೆ, ಎನ್‌ಡಿಆರ್‌ಎಫ್, ಅಗ್ನಿಶಾಮಕ ದಳದ ಸ್ಕೂಬಾ ತಂಡಗಳ ಕೆಲಸ.

ಕೋರ್ಸ್ ಮಾಡಿ, ಅದು ನಿಮ್ಮನ್ನು ಒಳ್ಳೆಯ ಡೈವರ್ ಆಗಿಸುತ್ತದೆ. ಊರಿಗೆ ಆಸರೆಯಾಗಬೇಕೆಂದರೆ ಕೇರಳದ ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಯಡಿಯ ನಾಗರಿಕ ರಕ್ಷಣಾ ಸ್ವಯಂಸೇವಕರ ಬಗ್ಗೆಯೂ ಆಪ್ದ ಮಿತ್ರ ತರಬೇತಿಯ ಬಗ್ಗೆಯೂ ಹತ್ತಿರದ ಠಾಣೆಯಲ್ಲಿ ವಿಚಾರಿಸಿ. ಪ್ರಥಮ ಚಿಕಿತ್ಸೆ, ಎದೆಯೊತ್ತುವ ಕ್ರಮ, ಜನರನ್ನು ತೆರವುಗೊಳಿಸುವ ರೀತಿ ಕಲಿತ ಒಬ್ಬ ಸ್ಥಳೀಯ, ಗುಡ್ಡ ಕುಸಿದ ಮೊದಲ ಗಂಟೆಗಳಲ್ಲಿ ಜೀವ ಉಳಿಸಬಲ್ಲ. ಹೊರಗಿನ ತಂಡಗಳು ಆಗಿನ್ನೂ ದಾರಿಯಲ್ಲಿರುತ್ತವೆ. ಮುಂದಿನ ಮಳೆಗಾಲಕ್ಕೆ ಮೊದಲೇ ಹೆಸರು ಕೊಡಿ.